ತೋಳಿನ ಅಳತೆ

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಎರಡು ಪ್ಯಾಂಟಿಗೆ ಜಿಪ್ ಹಾಕಿದ್ದಾಯಿತು. ಹೈಸ್ಕೂಲ್ ಮೇಡಂ ಕೋಟಿನ ಕಾಲರ್ ಬಾಕಿ. ಇಸ್ತ್ರಿಪೆಟ್ಟಿಗೆ ಕಾಯುವವರೆಗೆ ಇಷ್ಟು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯುರಿ ಇಳಿಯುವುದಿಲ್ಲ.

ನಿನ್ನೆ ತಂಗಿಯ ಜೊತೆ ಸೈಕಲ್ ಅಂಗಡಿಗೆ ಹೋಗಿದ್ದೆ. ರೋಡ್ ಬೈಕ್ ಬೇಕಿತ್ತು — ಬಾಗಿದ ಹ್ಯಾಂಡಲ್, ತೆಳು ಟೈರ್. ಅವಳ ಭಾನುವಾರದ ಸೈಕಲ್ ಗುಂಪು ಸೇರಬೇಕು. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮೆಷಿನ್ ತುಳಿದಿದ್ದೇನೆ, ಒಂದಡಿ ಮುಂದೆ ಹೋಗಿಲ್ಲ. ಇನ್ನು ತುಳಿದರೆ ಮುಂದೆ ಹೋಗುವಂಥದ್ದನ್ನೂ ತುಳಿಯಬೇಕು ಅಂತ ತೀರ್ಮಾನ.

ಅಂಗಡಿಯವನು ಐದು ನಿಮಿಷದಲ್ಲಿ ಹದಿನಾಲ್ಕು ಸಲ ‘ಏರೋ’ ಅಂದ — ಗಾಳಿ ಸೀಳಿಕೊಂಡು ಹೋಗುವ ಸೈಕಲ್ಲಂತೆ. ಇನ್ನು ಮೇಲೆ ಅವನ ಹೆಸರೇ ಏರೋ. ನನ್ನನ್ನು ಬಿಟ್ಟು ತಂಗಿಯನ್ನು ಕೇಳುತ್ತಾನೆ — “ಅಕ್ಕನಿಗೆ ಬುಟ್ಟಿ ಇರೋದು ತೋರಿಸ್ಲಾ?” ನಾನೇನು ಗೋಡೆಯಾ?

ಆಮೇಲೆ ಟೇಪ್ ಹಿಡಿದು ನನ್ನ ತೋಳಿನ ಕಡೆ ಬಂದ. ಮೈಯೆಲ್ಲ ಉರಿದುಹೋಯಿತು.

“ಟೇಪು ಒಳಗಿಡಿ. ಊರಿಗೆಲ್ಲ ಅಳತೆ ತೆಗೆಯೋಳು ನಾನು. ನನ್ನ ಅಳತೆ ನನಗೆ ಬಾಯಿಪಾಠ.”

ಎತ್ತರ, ಕಾಲು, ತೋಳು ಎಲ್ಲ ಹೇಳಿದೆ. ತೋಳು ಎಪ್ಪತ್ತೇಳು ಸೆಂಟಿಮೀಟರ್. ಅಪ್ಪ ಕಲಿಸಿದ ಹಾಗೆ — ಕತ್ತಿನ ಹಿಂದಿನ ಮೂಳೆಯಿಂದ ಮಣಿಕಟ್ಟಿನವರೆಗೆ.

“ಅಷ್ಟುದ್ದಾನಾ?” ಅಂದ.

“ಯಾಕೆ, ಅನುಮಾನಾನಾ?”

ತೆಪ್ಪಗೆ ಫಾರಂ ತುಂಬಿದ. ಕಂಪ್ಯೂಟರ್ ಸೈಜ್ ಹೇಳಿತು. ಕೆಂಪು ಸೈಕಲ್ ಬಂತು. ಅಂಗಡಿ ಮುಂದೆ ಒಂದು ಸುತ್ತು ಹೊಡೆದೆ. ಹ್ಯಾಂಡಲ್ ಸ್ವಲ್ಪ ದೂರ ಅನಿಸಿತು, ಹೇಳಿದೆ ಕೂಡ.

“ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಮೇಡಂ.”

ಇಸ್ತ್ರಿ ಕಾದಿದೆ.

ಮಾರ್ಚ್ 9, ಭಾನುವಾರ

ಮೂವತ್ತು ಕಿಲೋಮೀಟರ್! ಸೇತುವೆ ದಾಟಿ ನೀರಿನ ಟ್ಯಾಂಕಿನವರೆಗೆ. ಖುಷಿಗೆ ಕೂಗಿಕೊಂಡೆ. ಆದರೆ ಕತ್ತು ಹಿಡಿದಿದೆ. ಕಿರುಬೆರಳು, ಉಂಗುರದ ಬೆರಳು — ಎರಡೂ ಜೋಮು. ಗುಂಪಿನಲ್ಲೊಬ್ಬ, “ಏನಕ್ಕಾ, ಮಲ್ಕೊಂಡೇ ಓಡಿಸ್ತೀರಲ್ಲ” ಅಂತ ಹಲ್ಲು ಕಿರಿದ. ಅವನ ಹಲ್ಲಿಗಿಷ್ಟು ಬೆಂಕಿ ಹಾಕ.

ಏರೋಗೆ ಫೋನ್ ಮಾಡಿದೆ. ಅದೇ ರಾಗ. ಸರಿಹೋಗುತ್ತಂತೆ.

ಮಾರ್ಚ್ 12, ಬುಧವಾರ

ಮೇಡಂ ಬಂದು ಕೋಟು ಹಾಕಿ ನೋಡಿದರು. “ಬೋರ್ಡ್ ಮೇಲೆ ಬರೆಯೋಕೆ ಕೈಯೆತ್ತಿದ್ರೆ ಭುಜದ ಹತ್ರ ಹಿಡಿಯುತ್ತಮ್ಮಾ” ಅಂತ ರಾಗ ತೆಗೆದರು. ನಾನು ನೆಟ್ಟಗೆ ನಿಲ್ಲಿಸಿ ತೆಗೆದ ಅಳತೆ, ಕೂದಲೆಳೆಯಷ್ಟೂ ತಪ್ಪಿಲ್ಲ.

“ಹಾಕ್ತಾ ಹಾಕ್ತಾ ಸರಿಹೋಗುತ್ತೆ ಮೇಡಂ.”

ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಕೆಲವರಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಟ.

ಏಪ್ರಿಲ್ 3, ಗುರುವಾರ

ಮೂರು ವಾರದಿಂದ ಬರೆದಿಲ್ಲ. ಬರೆಯಲು ಪೆನ್ನು ಹಿಡಿಯಬೇಕಲ್ಲ.

ಮಂಗಳವಾರ ಗುಂಡಿ ತೂರಿಸುವ ಕಾಜಾ ಹೊಲಿಯುವಾಗ ಸೂಜಿ ಕೈಯಿಂದ ಜಾರಿತು. ಜಾರಿದ್ದು ಗೊತ್ತೇ ಆಗಲಿಲ್ಲ. ಈ ಬೆರಳು ಹೋದರೆ ನಾನು ಯಾವ ದರ್ಜಿ? ಯಾರು ನಾನು?

ಡಾಕ್ಟರು ತಲೆಯೆತ್ತದೆ ಬರೆದುಕೊಟ್ಟರು — ಮಾತ್ರೆ, ವಿಶ್ರಾಂತಿ, “ಸೈಕಲ್ ಬಿಟ್ಬಿಡಿ. ಈ ವಯಸ್ಸಲ್ಲಿ ಯಾಕಮ್ಮಾ?” ನಲವತ್ತಾರು, ಸ್ವಾಮಿ. ನೂರಾ ಆರಲ್ಲ.

ಮನೆಗೆ ಬಂದರೆ ನಮ್ಮವರು — “ನಾನು ಮೊದಲೇ ಹೇಳಿದ್ನಲ್ಲ.” ಏನು ಹೇಳಿದ್ದರು? ಸೈಕಲ್ ಮನೆಗೆ ಬಂದ ದಿನ ಅವರು ಹೇಳಿದ್ದು “ಊಟಕ್ಕೇನು?” ಅಂತ. ಅಷ್ಟೇ.

ಬಿಡುವುದಿಲ್ಲ. ಸೈಕಲ್ಲೂ ಬಿಡುವುದಿಲ್ಲ, ಸೂಜಿಯೂ ಬಿಡುವುದಿಲ್ಲ, ಆ ಏರೋನನ್ನಂತೂ ಬಿಡುವುದೇ ಇಲ್ಲ.

ಏಪ್ರಿಲ್ 5, ಶನಿವಾರ, ಸಂಜೆ

ತಂಗಿ ತನಗೆ ಗೊತ್ತಿದ್ದ ಹಳೇ ಸೈಕಲ್ ರಿಪೇರಿಯವರ ಹತ್ತಿರ ಕರೆದುಕೊಂಡು ಹೋದಳು. ಸಣ್ಣ ಶೆಡ್, ಗ್ರೀಸ್ ವಾಸನೆ, ಗೋಡೆ ತುಂಬ ಚಕ್ರ. ಏರೋಗೆ ಇವರ ಬಾಯಿಂದಲೂ ಎರಡು ಮಾತು ಬೈಸೋಣ ಅಂತ ಹೋದೆ.

ಸೈಕಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನನ್ನನ್ನು ಹತ್ತಿಸಿದರು. ತುಳಿಯಲು ಹೇಳಿ ಪಕ್ಕದಲ್ಲಿ ನಿಂತು ನೋಡಿದರು. ಎಷ್ಟು ಹೊತ್ತು! ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿಲ್ಲ. ಆಮೇಲೆ ಟೇಪ್ — ಭುಜದ ಮೂಳೆಯಿಂದ ಮುಷ್ಟಿಯವರೆಗೆ. ನಾನು ಒಯ್ದಿದ್ದ ಏರೋ ಫಾರಂನ ಪ್ರತಿಯನ್ನೂ ನೋಡಿದರು.

“ಅರವತ್ತೊಂದು. ಫಾರಂನಲ್ಲಿ ಎಪ್ಪತ್ತೇಳು ಅಂತಿದೆಯಲ್ಲ. ಎಲ್ಲಿಂದ ಅಳೆದ್ರಿ?”

ಉತ್ಸಾಹದಿಂದ ಟೇಪ್ ಕಸಿದುಕೊಂಡು ಕತ್ತಿನ ಹಿಂದೆ ಇಟ್ಟೆ. ಇಟ್ಟ ಕೈ ಅಲ್ಲೇ ನಿಂತಿತು.

ಅದು ಕೋಟಿನ ಅಳತೆ. ಅರ್ಧ ಬೆನ್ನನ್ನೂ ತೋಳಿಗೆ ಸೇರಿಸಿ ಹೇಳಿದ್ದೇನೆ. ನಾನು. ಇಪ್ಪತ್ತೆರಡು ವರ್ಷದ ದರ್ಜಿ.

ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

“ಇದನ್ನೇ ಸ್ವಲ್ಪ ಬಿಚ್ಚಿ ಹಿಡಿಸೋಕಾಗಲ್ವಾ?”

“ಹ್ಯಾಂಡಲನ್ನ ಇಷ್ಟು ಹಿಂದಕ್ಕೆ ಎಳೆದ್ರೆ ಸೈಕಲ್ ಓಲಾಡುತ್ತಮ್ಮಾ. ಫ್ರೇಮೇ ಉದ್ದ. ಸೈಜೇ ಬದಲಾಯಿಸಬೇಕು.”

ಏಪ್ರಿಲ್ 6, ಭಾನುವಾರ

ಏರೋ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಅವಮಾನ ನುಂಗಿಕೊಂಡೆ. ಅಳತೆ ತಪ್ಪು ಹೇಳಿದ್ದು ನಾನೇ ಅಂತ ಒಪ್ಪಿಕೊಂಡೆ. ಅವನ ಮುಖ ಅರಳಿತು. “ನೋಡಿ, ನಿಮ್ಮದೇ ತಪ್ಪು. ನಾವೇನ್ಮಾಡೋಕಾಗುತ್ತೆ?”

ಆಗ ಫಾರಂ ಕೆಳಗೆ ಕಣ್ಣು ಹೋಯಿತು. ‘ಅಳತೆ ತೆಗೆದವರು’ — ಅದರ ಮುಂದೆ ಅವನ ಸಹಿ!

“ಟೇಪ್ ಮುಟ್ಟದೆ ಸೈನ್ ಹಾಕಿದ್ದೀರಲ್ರೀ!”

“ನೀವು ಮುಟ್ಟೋಕೆ ಬಿಟ್ರಾ?”

“ಅಳೆಯೋಕೆ ಬಿಡ್ಲಿಲ್ಲ, ಸರಿ. ಕೂರಿಸಿ ನೋಡೋಕೆ ಯಾರು ಅಡ್ಡ ಬಂದ್ರು? ದೂರ ಆಗುತ್ತೆ ಅಂತ ನಾನೇ ಬಾಯ್ಬಿಟ್ಟು ಹೇಳಿದ್ನಲ್ಲ! ಸರಿಹೋಗುತ್ತೆ ಅಂದವರು ಯಾರು?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಏರೋ ಕೌಂಟರಿನಿಂದ ಎದ್ದು ಬಂದ.

ಕೆಂಪನ್ನು ವಾಪಸ್ ತೆಗೆದುಕೊಂಡ. ಡಿಸ್ಪ್ಲೇಗೆ ಇಟ್ಟಿದ್ದ ಬೂದು ಬಣ್ಣದ ಚಿಕ್ಕ ಸೈಜ್ ಕೊಟ್ಟ. ಈ ಸಲ ಸ್ಟ್ಯಾಂಡ್ ಮೇಲೆ ಅರ್ಧ ಗಂಟೆ. ಅವನು ಅಳೆದ, ನಾನು ನಾಲಿಗೆ ಕಚ್ಚಿಕೊಂಡು ಅಳೆಸಿಕೊಂಡೆ. ಹತ್ತಿ ಕೂತರೆ ಕೈ ತಾನಾಗಿ ಹ್ಯಾಂಡಲ್ ಮೇಲೆ ಹೋಗಿ ಕೂತಿತು.

ಏಪ್ರಿಲ್ 13, ಭಾನುವಾರ

ನಲವತ್ತು ಕಿಲೋಮೀಟರ್. ಕತ್ತು ಸುಮ್ಮನಿದೆ. ಜೋಮು ಬಹುಪಾಲು ಇಳಿದಿದೆ. ಶುಕ್ರವಾರ ಎಂಟು ಕಾಜಾ ಹೊಲಿದೆ, ಸೂಜಿ ಬೀಳಲಿಲ್ಲ. ಕುಣಿಯಬೇಕಿತ್ತು.

ಆದರೆ ವಾಪಸ್ ಬರುವಾಗ ಬಸ್‌ಸ್ಟಾಪಿನಲ್ಲಿ ಮೇಡಂ ಕಂಡರು. ನಾನು ಹೊಲಿದ ಕೋಟು ಹಾಕಿದ್ದರು. ಬಸ್ ಬಂತು. ಕೈಯೆತ್ತಿದರು. ಅರ್ಧಕ್ಕೆ ಭುಜ ಹಿಡಿಯಿತು, ಕೈ ಅಲ್ಲಿಗೇ ನಿಂತಿತು. ಬಸ್ ನಿಲ್ಲದೆ ಹೋಯಿತು. ಅವರು ಕೈ ಇಳಿಸಿ, ಕೋಟನ್ನು ಸರಿಮಾಡಿಕೊಂಡು, ಮತ್ತೆ ನಿಂತುಕೊಂಡರು. ಯಾರನ್ನೂ ಬೈಯಲಿಲ್ಲ.

ನಾನು ತಲೆ ತಗ್ಗಿಸಿ ತುಳಿದೆ. ನಾಚಿಕೆಯಾಯಿತು. ಇನ್ನೂ ಆಗುತ್ತಿದೆ.

ಏಪ್ರಿಲ್ 14, ಸೋಮವಾರ, ಸಂಜೆ 4.50

ಅಳತೆ ಪುಸ್ತಕ ತೆಗೆದು ನೋಡಿದೆ. ಮೇಡಂ ಪುಟ. ಭುಜ, ಬೆನ್ನು, ತೋಳು — ಎಲ್ಲ ಕೈ ಇಳಿಬಿಟ್ಟು ನಿಂತಾಗಿನದು. ದಿನವಿಡೀ ಕೈಯೆತ್ತಿ ಬರೆಯುವವರು. ಕೆಳಗೆ ನನ್ನ ಸಹಿ. ಏರೋ ಮೇಲೆ ಕೂಗಾಡಿ ಬಂದೆನಲ್ಲ, ನನ್ನ ಮೇಲೆ ಕೂಗಾಡುವವರು ಯಾರು?

ಫೋನ್ ಮಾಡಿದೆ. “ಇರಲಿ ಬಿಡಮ್ಮಾ, ಅಭ್ಯಾಸ ಆಗೋಯ್ತು” ಅಂದರು. ಇವತ್ತೇ ಬರಲೇಬೇಕು ಅಂತ ಹಟ ಹಿಡಿದೆ.

ಭುಜದ ಹೊಲಿಗೆ ಬಿಚ್ಚಿ ಬಟ್ಟೆ ಬಿಡಬೇಕು, ಅಂಚಿನಲ್ಲಿ ಎರಡು ಬೆರಳಷ್ಟಿದೆ. ಗೋಡೆ ಮೇಲೆ ಅವರ ಎತ್ತರಕ್ಕೆ ಒಂದು ಗೆರೆ ಹಾಕಿದ್ದೇನೆ. ಕೈಗೆ ಚಾಕ್ ಕೊಟ್ಟು ಅಲ್ಲಿ ಬರೆಸುತ್ತೇನೆ. ಬರೆಯುವಾಗ ಅಳೆಯುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು ಹೇಳಬೇಕು. ಬೆಳಿಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದೇನೆ, ಬಾಯಿಗೆ ಬರುತ್ತಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಂದರು. ಮೇಡಂ, ತಪ್ಪು ನನ್ನ —