ಚೆಂಡು ಹಿಡಿದು ಕೂತವಳು

ಮಗಳೇ,

ಸತ್ತವಳಿಗೆ ಕಾಗದ ಬರೆಯುವ ದಡ್ಡ ನಾನೊಬ್ಬನೇ ಇರಬೇಕು. ಇರಲಿ, ಕೇಳು.

ಇವತ್ತು ನಿಮ್ಮ ಹೆಂಗಸರ ಫುಟ್‌ಬಾಲ್ ಕ್ಲಬ್ಬಿನಿಂದ ಒಬ್ಬ ಹುಡುಗಿ ಬಂದಿದ್ದಳು. ಕ್ಲಬ್ಬಿನ ಚರಿತ್ರೆ ಬರೆಯುತ್ತಾರಂತೆ. ಮೊದಲ ತಂಡದ ಫೋಟೊ ಮುಂದೆ ಹಿಡಿದು, "ನಿಮ್ಮ ಮಗಳನ್ನ ತೋರ್ಸಿ, ತಾತ" ಅಂದಳು. ಹೆತ್ತ ಅಪ್ಪನಿಗೇ ಪರೀಕ್ಷೆ! ಉದ್ದ ಜಡೆಯವಳ ಮೇಲೆ ಬೆರಳಿಟ್ಟೆ.

"ಅಯ್ಯೋ ತಾತ, ಅದು ನಮ್ಮಮ್ಮ! ಚೆಂಡು ಹಿಡ್ಕೊಂಡು ಕೂತಿದ್ದಾರಲ್ಲ, ಅವರು ನಿಮ್ಮ ಮಗಳು. ಕ್ಲಬ್ಬಿಗೆ ಸೇರಿದ ದಿನಾನೇ ಜಡೆ ಕತ್ತರಿಸಿಬಿಟ್ರಂತೆ."

ಆಟವೋ ಮನೆಯೋ ಅಂತ ನಾನು ಕೂಗಾಡಿದ ದಿನ ನಿನ್ನ ಜಡೆ ಸೊಂಟ ಮುಟ್ಟುತ್ತಿತ್ತು. ನೀನು ಬಾಗಿಲು ದಾಟುವಾಗ ನಾನು ಕೊನೆಯದಾಗಿ ಕಂಡದ್ದು ಅದನ್ನೇ.

ಕನ್ನಡಕ ಹಳೆಯದಾಯಿತು ಅಂತ ಹುಡುಗಿಯನ್ನು ಗದರಿ ಕಳಿಸಿದೆ.

ಕನ್ನಡಕ ಮಾಡಿಸಿದ್ದು ಹೋದ ತಿಂಗಳು.