ಹಳೇಬಾವಿ ಓಣಿಯ ಚೀಟಿ ಡಬ್ಬಿ

ಕಲ್ಲೋಳಿ
2 ಸೆಪ್ಟೆಂಬರ್ 2025

ಪ್ರೀತಿಯ ತಂಗಿ ದಾಕ್ಷಾಯಿಣಿಗೆ,

ಮೂಡಲಗಿ ತಾಲೂಕಿನ ಸಮಸ್ತ ಪ್ರಜೆಗಳಿಗೂ, ಹುಕ್ಕೇರಿಯಲ್ಲಿ ನೆಲೆಸಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಓಣಿಯ ಧ್ವಜದ ಕಂಬದ ಹೊಸ ರಾಟೆಗೆ ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಎಣ್ಣೆ ಹಾಕಲಾಯಿತು. ಎಣ್ಣೆ ಕುಸುಬಿಯದು. ಸಮಾರಂಭದ ಅಧ್ಯಕ್ಷತೆ ನನ್ನದು. ಏಣಿ ಹಿಡಿದವನೂ ನಾನೇ. ಪ್ರೇಕ್ಷಕರಾಗಿ ಒಂದು ಎಮ್ಮೆ ಹಾಜರಿದ್ದು, ಕೊನೆಯವರೆಗೆ ಶಿಸ್ತಿನಿಂದ ನಡೆದುಕೊಂಡಿತು.

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ವೈನಿ, ಅಂದರೆ ನನ್ನ ಮನೆಯಾಕೆ ಸುಜಾತಾ, ಆರಾಮ ಇದ್ದಾಳೆ. ನಮ್ಮ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ನನಗೆ ಕಿವಿ ಮಂದವಾಗಿದೆ ಎಂದು ಆಕೆ ಹೇಳುತ್ತಾಳೆ. ಆಕೆ ಹಾಗೆ ಹೇಳುತ್ತಾಳೆ ಎಂದು ನನಗೆ ಬೇರೆಯವರು ಹೇಳಿದರು.

ಪತ್ರ ತಡವಾಯಿತು, ಕ್ಷಮಿಸು. ಆಗಸ್ಟ್ ಹದಿನೈದರಂದು ನೀನು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಣ್ಣಾ, ನಿನ್ನಿ ಸಂಜಿಮುಂದ ಏನೋ ಗದ್ದಲ ಆಗಿತ್ತಂತಲ್ಲ, ಏನದು?" ಎಂದು ಕೇಳಿದೆ. "ಬರದು ತಿಳಸ್ತೇನಿ" ಎಂದೆ. ಅದಾಗಿ ಹದಿನೆಂಟು ದಿನ. ಗಿರಣಿಯ ಬೆಲ್ಟು ಹರಿದಿತ್ತು ಎಂದು ಬರೆಯಬಹುದು, ಹರಿದದ್ದೂ ಖರೆ. ಆದರೆ ಅದು ಒಂದೇ ದಿನದಲ್ಲಿ ಸರಿಯಾಯಿತು. ಫೋನಿನಲ್ಲಾದರೂ ಹೇಳಬಹುದಿತ್ತು. ನಿನ್ನ ಖಾನಾವಳಿಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ. ಒಮ್ಮೆ ನಾನು ನನ್ನ ಮೂಲವ್ಯಾಧಿಯ ಬಗ್ಗೆ ನಿನಗೆ ಹೇಳಿದಾಗ ರೊಟ್ಟಿ ತಿನ್ನುತ್ತಿದ್ದ ಮೂವರು ಗಿರಾಕಿಗಳು ಮೂರು ಬೇರೆ ಬೇರೆ ಔಷಧಿ ಸೂಚಿಸಿದ್ದರು. ಆದ್ದರಿಂದ ಈ ಕಾಗದ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಪತ್ರಿಕೆಗಳಿಗೆ ವಾಚಕರ ಪತ್ರ ಬರೆದು ಬರೆದು, ಪೀಠಿಕೆ ಇಲ್ಲದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ನಮ್ಮ ಓಣಿಗೆ ಬಂದದ್ದು ಜಗಳ. ಧ್ವಜ ಯಾರು ಏರಿಸಬೇಕು? ಗೌಡರು ತಾವೆಂದರು. ಅಡತಿ ಅಂಗಡಿಯವರು ಧ್ವಜದ ಬಟ್ಟೆ ತಮ್ಮದೆಂದರು. ಆಗ ಸತ್ಯಪ್ಪ ಮಾಸ್ತರರು ಓಣಿಯ ಪ್ರತಿಯೊಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು ಬಿಸ್ಕೀಟಿನ ಡಬ್ಬಿಗೆ ಹಾಕಿದರು. ಮೊದಲ ವರ್ಷ ಬಂದ ಹೆಸರು ಮಜ್ಜಿಗೆ ಮಾರುವ ಮುದಕವ್ವನದು. ಆಕೆ ಹಗ್ಗ ಹಿಡಿದು, "ಇದನ್ನ ಜಗ್ಗಿದ ಮ್ಯಾಲ ನಾ ಮನಿಗಿ ಹೋಗಬಹುದಲ್ರಿ? ಎಮ್ಮಿ ಹಿಂಡೂದೈತಿ" ಎಂದು ಕೇಳಿದಳಂತೆ. ನಮ್ಮ ಓಣಿಯ ಮೊದಲ ಸ್ವಾತಂತ್ರ್ಯೋತ್ಸವ ಭಾಷಣ ಅದೇ. ಅದಕ್ಕಿಂತ ಚಿಕ್ಕದನ್ನು ಆಮೇಲೆ ಯಾರೂ ಮಾಡಿಲ್ಲ.

ಡಬ್ಬಿಯ ಮುಚ್ಚಳದ ಒಳಗೆ ಮಾಸ್ತರರು ಕೆಂಪು ಬಣ್ಣದಲ್ಲಿ ಮೂರು ಸಾಲು ಬರೆದರು: ಹೆಸರು ಎಲ್ಲರದು. ಎತ್ತುವುದು ಕಣ್ಣು ಮುಚ್ಚಿ. ಓದುವುದು ಕಣ್ಣು ತೆರೆದು. ದೆಹಲಿಯವರಿಗೆ ಸಂವಿಧಾನದಲ್ಲಿ ಇದನ್ನೇ ಬರೆಯಲು ಮೂರು ವರ್ಷ ಹಿಡಿಯಿತು ಎಂದು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. 'ಎಲ್ಲರದು' ಎಂದರೆ ಯಾರು ಯಾರು ಎಂಬ ಪ್ರಶ್ನೆ ಬಂದಾಗ, ಓಣಿಯಲ್ಲಿ ಹುಟ್ಟಿ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳೂ ಸೇರಿದರು. "ಮದಿವಿ ಆದ್ರ ಹುಟ್ಟಿದ್ದು ಸುಳ್ಳಾಕ್ಕೈತೇನು?" ಎಂದರಂತೆ ಮಾಸ್ತರರು. ಹಾಗೆ ನಿನ್ನ ಹೆಸರು ನಲವತ್ತು ವರ್ಷದಿಂದ ಡಬ್ಬಿಯಲ್ಲಿದೆ. ಡಬ್ಬಿ ಮೂವತ್ತೊಂದು ವರ್ಷದಿಂದ ನನ್ನ ಗಿರಣಿಯಲ್ಲಿದೆ. ಚೀಟಿ ಬರೆಯುವವನು ನಾನು, ಬಂದ ಹೆಸರನ್ನು ಓದುವವನು ನಾನು. ಇದಕ್ಕೆ ಕಾರ್ಯದರ್ಶಿ ಎಂದು ಹೆಸರು. ಪಗಾರ ಇಲ್ಲದ ಹುದ್ದೆಗೆ ಹೆಸರು ಉದ್ದ ಇರಬೇಕು.

ಈ ವರ್ಷ ದುಂಡಪ್ಪ ಹೊಸ ಕಂಬ ಕೊಟ್ಟ. ಮೂಡಲಗಿಯಲ್ಲಿ ಸಿಮೆಂಟು-ಕಬ್ಬಿಣದ ಅಂಗಡಿ ಇಟ್ಟಿರುವ ನಮ್ಮ ದುಂಡಪ್ಪ. ಸ್ಟೀಲಿನ ಕಂಬ, ಮೇಲೆ ರಾಟೆ, ಕೆಳಗೆ ಗ್ರಾನೈಟ್ ಕಟ್ಟೆ, ಕಟ್ಟೆಯ ಮೇಲೆ ದುಂಡಪ್ಪನ ಹೆಸರು, ಹೆಸರಿನ ಮೇಲೆ ದೀಪ. ಹಿಂದೆಯೇ ಅವನ ಅಕ್ಕನ ಮಗ ಮಲ್ಲೇಶ ಗಿರಣಿಗೆ ಬಂದ.

"ಈಶ್ವರ ಕಾಕಾ, ಒಂದ ಮಾತ್ರೀ. ಹೊರಗ ಕೊಟ್ಟ ಹೆಣ್ಣಮಕ್ಕಳ ಚೀಟಿ ತಗದ್ರ ಡಬ್ಬಿ ಹಗರ ಆಕ್ಕೈತಿ."

"ಡಬ್ಬಿ ನಾ ಹೊರೂದು. ನನಗೇನ ಭಾರ ಆಗಿಲ್ಲ ತಮ್ಮಾ."

"ಹಂಗಲ್ರಿ. ನಿಮ್ಮ ತಂಗೀದ ತಗೋರಿ. ಹುಕ್ಕೇರ್ಯಾಗ ಅದಾರ. ಅವರ ಹೆಸರ ಬಂದ್ರ ಕಂಬ ಕಿತಗೊಂಡ ಹುಕ್ಕೇರಿಗಿ ಒಯ್ಯೂದೇನ್ರಿ? ನಮ್ಮ ಮಾಮಾ ಕಣ್ಣಮುಂದ ಅದಾರ. ಮನಿ ಮುಂದ ಕಂಬ ಐತಿ. ಅಂಗಿ ಸುದ್ದಾ ಹೊಲಿಸ್ಯಾರ."

ದಾಕ್ಷಾಯಿಣಿ, ಆಗ ನಾನು ಮಾಡಿದ ಭಾಷಣವನ್ನು ನೀನು ಕೇಳಬೇಕಿತ್ತು. ಗಿರಣಿ ಬಂದ್ ಮಾಡಿ ಮಾಡಿದೆ. ಸರದಿಯಲ್ಲಿ ಜೋಳ ಹಿಡಿದು ನಿಂತಿದ್ದ ಎಂಟು ಹೆಂಗಸರು ನನ್ನ ಸಭಿಕರು. ಸ್ವಾತಂತ್ರ್ಯ ಅಂದರೇನು, ಸಮಾನತೆ ಅಂದರೇನು, ಬಸವಣ್ಣನವರ ಕಾಲದಿಂದ ಈ ನೆಲದ ರೀತಿ ಏನು, ಒಂದು ಚೀಟಿ ತೆಗೆದರೆ ಇಡೀ ದೇಶ ಹೇಗೆ ಸಡಿಲಾಗುತ್ತದೆ. ಇಪ್ಪತ್ತು ನಿಮಿಷ. ಮಲ್ಲೇಶ ತಲೆ ತಗ್ಗಿಸಿದ. ಕೊನೆಗೆ ಯಲ್ಲಕ್ಕ, "ಎಲ್ಲಾ ಖರೇರಿ, ಈಗ ಗಿರಣಿ ಚಾಲೂ ಮಾಡ್ರಿ" ಎಂದಳು. ನಾನು ಅದನ್ನು ಸಭೆಯ ಒಪ್ಪಿಗೆ ಎಂದು ದಾಖಲಿಸಿಕೊಂಡೆ. ಒಂದು ಚೀಟಿಯನ್ನೂ ತೆಗೆಯಲಿಲ್ಲ.

ಆಗಸ್ಟ್ ಹದಿನಾಲ್ಕರ ಸಂಜೆ ಐದು ಗಂಟೆಗೆ ಬಾವಿಕಟ್ಟೆಯ ಹತ್ತಿರ ಜಮಖಾನೆ ಹಾಸಿದೆವು. ಚೀಟಿ ಎತ್ತುವುದು ಓಣಿಯ ಹಿರಿಯಳಾದ ಕೆಂಚವ್ವ ಆಯಿ. ಸೆರಗನ್ನು ಕಣ್ಣಿಗೆ ಕಟ್ಟಿಕೊಂಡು, ಡಬ್ಬಿಯಲ್ಲಿ ಕೈಯಾಡಿಸಿ, ಒಂದು ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಬಿಚ್ಚಿ ಓದಿದೆ: "ದುಂಡಪ್ಪ."

ಚಪ್ಪಾಳೆ ಆಯಿತು. ಅದೇ ಹೊತ್ತಿಗೆ ಮಲ್ಲೇಶ ಕಂಬದ ಹಿಂದಿನಿಂದ ಒಂದು ಬ್ಯಾನರ್ ಬಿಚ್ಚಿದ. ಎಂಟು ಅಡಿ ಉದ್ದ. ದುಂಡಪ್ಪನ ಫೋಟೊ, ಪಕ್ಕದಲ್ಲಿ 'ಧ್ವಜಾರೋಹಣ ನೆರವೇರಿಸುವವರು'. ಚಪ್ಪಾಳೆ ಅರ್ಧಕ್ಕೆ ನಿಂತಿತು.

"ಏನೋ ಮಲ್ಲ್ಯಾ," ಎಂದಳು ಕೆಂಚವ್ವ ಆಯಿ, ಸೆರಗು ಬಿಚ್ಚುತ್ತ. "ನಾ ಚೀಟಿ ಎತ್ತಿ ಇನ್ನಾ ಕೈ ಒರಸಿಲ್ಲ. ನಿನ್ನ ಬ್ಯಾನರ್ ಯಾವಾಗ ಹುಟ್ಟಿತು?"

"ಗೋಕಾಕದಾಗ ಮೊನ್ನೆ ಮಾಡ್ಸೀನಿ ಆಯಿ. ಹೆಸರ ಬರಲಿಲ್ಲಂದ್ರ ಮುಂದಿನ ವರ್ಷಕ್ಕ ಇಟಗೊಂಡ್ರಾತು ಅಂತ. ನೋಡ್ರಿ ಬೇಕಾದ್ರ, ಇಸವಿ ಹಾಕ್ಸಿಲ್ಲ."

ಹಾಕಿಸಿರಲಿಲ್ಲ, ಖರೆ. ಆದರೆ ಓಣಿ ಗುಸುಗುಸು ಎನ್ನತೊಡಗಿತು. ಡಬ್ಬಿಯ ತುಂಬ ದುಂಡಪ್ಪನ ಹೆಸರೇ ತುಂಬಿದ್ದಾರೆ ಎಂದು ಒಬ್ಬರು, ಕಂಬ ಕೊಟ್ಟವನು ಡಬ್ಬಿಯನ್ನೂ ಕೊಂಡ ಎಂದು ಇನ್ನೊಬ್ಬರು. ದುಂಡಪ್ಪನ ಮುಖ ಕೆಂಪಾಯಿತು. ಅವನಿಗೆ ಆಸೆ ಬಹಳ, ಆದರೆ ಮೋಸ ತಿಳಿಯದು. ಎದ್ದು ನಿಂತು ಹೇಳಿದ:

"ನಾ ಕಂಬ ಕೊಟ್ಟೇನಿ, ಕಳವು ಮಾಡಿಲ್ಲ. ಡಬ್ಬಿ ಸುರೀರಿ. ಎಲ್ಲಾರ ಮುಂದ ಒಂದೊಂದ ಓದ್ರಿ. ಅದರಾಗ ಇನ್ನೊಂದ ನನ್ನ ಹೆಸರ ಸಿಕ್ಕರ ಈ ಹೊಸಾ ಅಂಗಿ ಇಲ್ಲೇ ಹರೀತೇನಿ."

ನಾನು ಬೇಡವೆಂದೆ. ಸಂಪ್ರದಾಯ ಇಲ್ಲ ಎಂದೆ. ಮಳೆ ಬರುವ ಹಾಗಿದೆ ಎಂದೆ. ಮೋಡ ಇರಲಿಲ್ಲ. ಆಗಲೇ ಕೆಂಚವ್ವ ಆಯಿ ಡಬ್ಬಿಯನ್ನು ಬೋರಲು ಹಾಕಿದ್ದಳು. ಅವಳ ಮೊಮ್ಮಗಳು ದೀಪಾ, ಮೂಡಲಗಿ ಕಾಲೇಜಿಗೆ ಹೋಗುವವಳು, ಕೂತು ಓದತೊಡಗಿದಳು. ಬಾಳವ್ವ, ಭೀಮಶಿ, ಕರೆವ್ವ, ಹೀಗೆ. ಅರ್ಧ ದಾಟಿದ ಮೇಲೆ ಒಂದು ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇಲ್ಲೇ ಐತ್ರಿ. ದುಂಡಪ್ಪ ಕಾಕಾರ ಹೆಸರು."

ದುಂಡಪ್ಪ ಅಂಗಿಯ ಗುಂಡಿಗೆ ಕೈ ಹಾಕಿದವನು ಅಲ್ಲೇ ನಿಂತ. ಪೂರ್ತಿ ಓದಿಸಿದರು. ಆ ಒಂದೇ. ಉಳಿದವರೆಲ್ಲರ ಹೆಸರೂ ಇತ್ತು, ನಿನ್ನದೊಂದನ್ನು ಬಿಟ್ಟು.

"ಹಂಗಾರ ಈಶ್ವರಣ್ಣ ಓದಿದ್ದು ಯಾರದು?" ಎಂದ ದುಂಡಪ್ಪ.

ನಾನು ಕಿಸೆಯಿಂದ ಚೀಟಿ ತೆಗೆದು ದೀಪಾಳ ಕೈಗೆ ಕೊಟ್ಟೆ. ಅವಳು ಓದಿದಳು: "ದಾಕ್ಷಾಯಿಣಿ."

ಆಮೇಲೆ ಕೆಂಚವ್ವ ಆಯಿ ನನ್ನ ಮುಖ ನೋಡಿ, "ಅವನ ಕನ್ನಡಕ ನೋಡ್ರೆವಾ. ಹಿಟ್ಟ ಕುಂತು ಗ್ವಾಡಿ ಆಗೇತಿ. ಅದರಾಗ ಏನ ಕಾಣತೈತಿ ಪಾಪ" ಎಂದಳು. ಓಣಿಗೆ ಓಣಿಯೇ ನಕ್ಕಿತು. ದುಂಡಪ್ಪನೂ ನಕ್ಕ, ಸ್ವಲ್ಪ ತಡವಾಗಿ. "ನನ್ನ ಮುಖಾನ ಎದುರಿಗಿತ್ತಲ್ಲ, ಅದನ್ನ ಓದಿರಬೇಕ ಬಿಡ್ರಿ" ಎಂದ. ಒಳ್ಳೆಯ ಮನುಷ್ಯ. ಬ್ಯಾನರನ್ನು ತಾನೇ ಸುತ್ತಿದ.

ಮುಂದಿನದು ನಿನಗೆ ಗೊತ್ತು. ಫೋನು ಮಾಡಿದೆವು. "ಮುಂಜಾನಿ ರೊಟ್ಟಿ ಯಾರ ಬಡೀಬೇಕು?" ಎಂದು ನೀನು ಕೇಳಿದ್ದು, "ನಾ ಬಡೀತೇನಿ, ನೀ ಹೋಗು" ಎಂದು ನಿಮ್ಮ ಯಜಮಾನರು ಹಿಂದಿನಿಂದ ಕೂಗಿದ್ದು ಇಲ್ಲಿ ಎಲ್ಲರಿಗೂ ಕೇಳಿಸಿತು. ಅಂದು ಹುಕ್ಕೇರಿಯ ಗಿರಾಕಿಗಳು ಆ ರೊಟ್ಟಿ ತಿಂದು ದೇಶಕ್ಕಾಗಿ ಪಟ್ಟ ಕಷ್ಟಕ್ಕೆ ಯಾರಾದರೂ ಪಿಂಚಣಿ ಕೊಡಬೇಕು. ನೀನು ಮೊದಲ ಬಸ್ಸಿಗೆ ಗೋಕಾಕಿನ ಮೇಲೆ ಬಂದು ಇಳಿದೆ. ಕೈಯಲ್ಲಿ ಇನ್ನೂ ಹಿಟ್ಟಿನ ಗುರುತು ಇತ್ತು. ಹಗ್ಗ ಜಗ್ಗಿದೆ. ಬಟ್ಟೆ ಬಿಚ್ಚಿತು, ಒಳಗಿನ ಹೂಗಳು ಪೂರಾ ದುಂಡಪ್ಪನ ತಲೆಯ ಮೇಲೆ ಬಿದ್ದವು. ಎಪ್ಪತ್ತೆಂಟು ವರ್ಷದಲ್ಲಿ ಹೊರಗೆ ಕೊಟ್ಟ ಹೆಣ್ಣುಮಗಳೊಬ್ಬಳು ಆ ಹಗ್ಗ ಹಿಡಿದದ್ದು ಅದೇ ಮೊದಲು. ಯಲ್ಲಕ್ಕ ಅತ್ತಳು. ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ಹಿಡಕಲ್ಲಿಗೆ ಕೊಟ್ಟಿದೆ.

ಆಮೇಲೆ ನೀನು ಮಾತಾಡಿದೆ. "ನನಗ ಭಾಷಣಾ ಬರಂಗಿಲ್ರಿ. ನಮ್ಮಣ್ಣ ಈ ಡಬ್ಬಿ ಕಾಯ್ದಾನ. ನಮ್ಮ ಹೆಸರ ತಗದ ಒಗಿಲಿಲ್ಲ. ಅವನಂಥಾವ್ರ ಇರೂತನಾ ನಾವು ಎಲ್ಲಿದ್ರೂ ಈ ಓಣ್ಯಾಗ ಅದೇವಿ." ಇಷ್ಟೇ. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅದನ್ನು ನೋಡಿ ಇನ್ನೊಮ್ಮೆ ನಕ್ಕರು.

ಉಳಿದಂತೆ ಇಲ್ಲಿ ಎಲ್ಲ ಸುಖ. ನಿನ್ನ ಹಂಚು ಆರದಿರಲಿ, ರೊಟ್ಟಿ ಉಬ್ಬುತ್ತಿರಲಿ, ನಿಮ್ಮ ಯಜಮಾನರು ಒಲೆಯಿಂದ ಹತ್ತು ಹೆಜ್ಜೆ ದೂರವಿದ್ದು ನೂರು ವರ್ಷ ಬಾಳಲಿ. ಮಕ್ಕಳಿಗೆ ಅಜ್ಜನ ಮನೆಯ ಓಣಿಯ ಆಶೀರ್ವಾದ.

ನಿನ್ನ ಅಣ್ಣ,
ಈಶ್ವರ

ತಾ.ಕ.: ಕನ್ನಡಕ ಸ್ವಚ್ಛ ಇತ್ತು.

ಹಿಟ್ಟು ಕೂತದ್ದು ಅಂಚಿನಲ್ಲಿ. ಗಾಜನ್ನು ನಾನು ಬರುವ ಮುಂಚೆ ಧೋತರದ ತುದಿಯಿಂದ ಎರಡು ಸಲ ಒರೆಸಿದ್ದೆ. ಚೀಟಿ ಬಿಚ್ಚಿದಾಗ ನಿನ್ನ ಹೆಸರು ನನ್ನದೇ ಅಕ್ಷರದಲ್ಲಿ ದೊಡ್ಡದಾಗಿ ಕಂಡಿತು. ತಂಗಿಯ ಹೆಸರು ಓದಿದರೆ ಜನ ನನ್ನನ್ನೇ ಅನುಮಾನಿಸುತ್ತಾರೆ ಎಂದು ಬಾಯಿ ಹಿಡಿಯಿತು ಎಂದು ಬರೆಯಬಹುದು. ಅದು ಮರುದಿನ ಗಿರಣಿಯಲ್ಲಿ ಕೂತು ಹುಡುಕಿದ ಕಾರಣ. ಆ ಹೊತ್ತಿಗೆ ಎದೆಯಲ್ಲಿ ಬಂದದ್ದು ಬೇರೆ. ಮೂವತ್ತೊಂದು ವರ್ಷ ಈ ಡಬ್ಬಿ ಹೊತ್ತೆ, ಪ್ರತಿ ವರ್ಷ ನನ್ನ ಹೆಸರು ಬರೆದು ಒಳಗೆ ಹಾಕಿದೆ, ಒಮ್ಮೆಯೂ ಬರಲಿಲ್ಲ. ಹುಕ್ಕೇರಿಯಲ್ಲಿ ಕೂತ ನಿನ್ನದು ಬಂತು. ನನಗೆ ಹೊಟ್ಟೆಕಿಚ್ಚಾಯಿತು, ದಾಕ್ಷಾಯಿಣಿ. ನಿನಗೆ ಸಿಗುವುದಕ್ಕಿಂತ ಯಾರಿಗಾದರೂ ಸಿಗಲಿ ಎನಿಸಿತು. ಎದುರಿಗೆ ದುಂಡಪ್ಪ ಇದ್ದ. ಕೆಂಚವ್ವ ಆಯಿ ಕನ್ನಡಕದ ನೆಪ ಕೊಟ್ಟಾಗ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಮರುದಿನ ನೀನು ಹೊಗಳುತ್ತಿದ್ದಾಗಲೂ ತೆರೆಯಲಿಲ್ಲ. ನಿನ್ನ ಚೀಟಿಯನ್ನು ಹೊರಗೆ ತಂದದ್ದು ದುಂಡಪ್ಪನ ಅಂಗಿಯ ಪಣ.

ಇದೇ ಹದಿನಾಲ್ಕರ ಭಾನುವಾರ ಸಂಜೆ ಓಣಿಯ ಸಭೆ ಇದೆ. ಡಬ್ಬಿಯನ್ನು ದೀಪಾಳ ಕೈಗೆ ಕೊಡುವುದೆಂದು ನಿಶ್ಚಯಿಸಿದ್ದೇನೆ, ಕಾರಣ ಕೇಳುತ್ತಾರೆ. ನೀನು ಸಿಟ್ಟಾಗಿದ್ದರೂ ಬಾ. ಬರುವಾಗ ಈ ಕಾಗದವನ್ನು ಮರೆಯದೆ ತೆಗೆದುಕೊಂಡು ಬಾ, ಅಲ್ಲಿ ಓದುವವಳು ನೀನಾಗು. ನಾನು ನಕಲು ಇಟ್ಟುಕೊಂಡಿಲ್ಲ. ಇನ್ನೊಮ್ಮೆ ಬರೆಯಲು ಕೂತರೆ ಕನ್ನಡಕದ ಮೇಲೆ ಸ್ವಲ್ಪ ಹಿಟ್ಟು ಹಾಕಿಯೇಬಿಡುತ್ತೇನೆ.