ಮೈಕಿನ ಮುಂದೆ ಡೆಲ್ಮರನ ಎದೆ

ಸ್ಲೇಟ್ ಫೋರ್ಕ್, ಕೆಂಟಕಿ
19 ಮಾರ್ಚ್ 2017

ಪ್ರೀತಿಯ ನಾಡೀನ್,

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಆಪರೇಷನ್ ಆದಮೇಲೆ ಮಂಡಿ ಹೇಗಿದೆ? ನಿನ್ನ ಒಹಾಯೊ ಮನೆಯ ಮೆಟ್ಟಿಲು ಹತ್ತುತ್ತಿದ್ದೀಯಾ? ಮುಷ್ಕರದಲ್ಲಿ ಕಲ್ಲಿದ್ದಲು ಲಾರಿಗಳಿಗೆ ಅಡ್ಡ ಮಲಗಿದ ಮಂಡಿ ಅದು, ಅಷ್ಟು ಸುಲಭಕ್ಕೆ ಸೋಲಬಾರದು. ನಾನಂತೂ ದಣಿದಿದ್ದೇನೆ ಕಣೇ. ಯೂನಿಯನ್ ಕಚೇರಿಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ಬೀನ್ಸ್ ಬೇಯಿಸಿದರೆ ಮೂರು ದಿನ ಅದನ್ನೇ ತಿನ್ನುತ್ತೇನೆ.

ಆರೋಗ್ಯ ಕಾಯ್ದೆಯನ್ನು ಕಿತ್ತುಹಾಕಿ ಬೇರೆ ತರುವ ಮಸೂದೆ ಈ ವಾರ ಮತಕ್ಕೆ ಬರುತ್ತದಂತೆ. ಟಿವಿಯಲ್ಲಿ ಎರಡೂ ಪಕ್ಷದವರು ಟೈ ಕಟ್ಟಿಕೊಂಡು ಕಿತ್ತಾಡುತ್ತಾರೆ. ನಮ್ಮ ಸಾಲು ಒಬ್ಬನ ಬಾಯಲ್ಲೂ ಬರುವುದಿಲ್ಲ. ಅಷ್ಟು ದಪ್ಪ ಕಾಯ್ದೆಯಲ್ಲಿ ಗಣಿಯವರದು ಒಂದೇ ಸಾಲು: ಹದಿನೈದು ವರ್ಷ ನೆಲದಡಿ ದುಡಿದವನ ಎದೆ ಕೆಟ್ಟರೆ, ಅದು ಗಣಿಯ ಧೂಳಿನಿಂದಲ್ಲ ಎಂದು ಕಂಪನಿಯೇ ರುಜುವಾತು ಮಾಡಬೇಕು. ಕಾಯ್ದೆ ಹೋದರೆ ಆ ಸಾಲೂ ಹೋಗುತ್ತದೆ. ನನ್ನ ಗಂಡನ ಪರಿಹಾರದ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಆ ಸಾಲು ಹೋದರೆ ಇಪ್ಪತ್ತೆರಡು ವರ್ಷ ಗಣಿಯಲ್ಲಿದ್ದ ಡೆಲ್ಮರ್ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ತನ್ನ ಎದೆಯೊಳಗಿನ ಕಪ್ಪು ಎಲ್ಲಿಂದ ಬಂತೆಂದು ಕಂಪನಿ ವಕೀಲರ ಮುಂದೆ ತಾನೇ ಸಾಬೀತು ಮಾಡಬೇಕು. ಕೊಂದವನನ್ನು ಬಿಟ್ಟು ಹೆಣದ ಹತ್ತಿರ ಸಾಕ್ಷಿ ಕೇಳುವ ನ್ಯಾಯ ಇದು.

ಈ ತಿಂಗಳ ನಾಲ್ಕರಂದು ನಮ್ಮ ಸಂಸದ ಹೈಸ್ಕೂಲಿನ ಜಿಮ್ಮಿನಲ್ಲಿ ಸಭೆ ಕರೆದಿದ್ದ. ಗಾಲಿಕುರ್ಚಿಯಲ್ಲಿ ಡೆಲ್ಮರನನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲೇ ಎಲ್ಲರ ಕೈಗೂ ಎರಡು ಹಾಳೆ ಕೊಟ್ಟರು. ಹೇಳಿದ್ದು ಒಪ್ಪಿಗೆಯಾದರೆ ಹಸಿರು ಎತ್ತಬೇಕು, ಇಲ್ಲದಿದ್ದರೆ ಕೆಂಪು. ಕೂಗುವಂತಿಲ್ಲ. ಹಾಳೆ ಹಂಚುತ್ತಿದ್ದವನು, ಮೈಕ್ ನೋಡಿಕೊಳ್ಳುತ್ತಿದ್ದವನು ಡೆಲ್ಮರನ ತಮ್ಮ ಫೆರೆಲ್, ಟೈರ್ ಅಂಗಡಿಯವನು. ಈಗ ಸಂಸದನ ಪಕ್ಷದ ಊರ ಮುಖಂಡ.

“ಏನತ್ತಿಗೆ, ಕೆಂಪು ಎರಡು ಕೊಡ್ಲಾ? ಒಂದು ಕೈಗೆ, ಒಂದು ನಾಲಿಗೆಗೆ,” ಅಂದ.

“ಒಂದು ನಿನ್ನ ಬೆನ್ನಿಗೆ ಅಂಟಿಸ್ಕೋ, ಹಿಂದೆ ಬರೋ ಗಾಡಿ ಬ್ರೇಕ್ ಹಾಕ್ತವೆ,” ಅಂದೆ.

ಅವನು ನಕ್ಕ. ಆಮೇಲೆ ನಗಲಿಲ್ಲ. “ಈ ಕಾಯ್ದೆ ಬಂದ್ಮೇಲೆ ನನ್ನ ವಿಮೆ ಕಂತು ಎರಡರಷ್ಟಾಯ್ತು. ಬೇಡಪ್ಪಾ ಅಂದ್ರೆ ದಂಡ. ನನ್ನಂಥೋನ ಮನೆ ಬಾಗಿಲಿಗೆ ನಿಮ್ಮ ಯೂನಿಯನ್ ಯಾವತ್ತಾದ್ರೂ ಬಂದಿದ್ಯಾ?”

ಅವನು ಹೇಳಿದ್ದು ಸುಳ್ಳಲ್ಲ. ಹಾಗೆಂದು ಮಾಡು ಸೋರುತ್ತದೆ ಅಂತ ಮನೆಯನ್ನೇ ಕೆಡವುತ್ತಾರೇನೇ?

ನನ್ನ ಸರದಿ ಬಂತು. ನಮ್ಮ ಸಾಲಿನ ಗತಿ ಏನು ಎಂದು ಕೇಳಿದೆ. ಸಂಸದ ಎದೆಯ ಮೇಲೆ ಕೈಯಿಟ್ಟುಕೊಂಡ. “ನಿಮ್ಮ ಕಳವಳ ಅರ್ಥ ಆಗುತ್ತಮ್ಮಾ. ಗಣಿಯವರನ್ನ ನಾವು ಕೈಬಿಡಲ್ಲ.”

“ಯಾವ ಪುಟದಲ್ಲಿ ಬರ್ದಿದೀರಿ?”

“ಮುಂದೆ ಬರೀತೀವಿ.”

“ಬರೆಯೋಕೆ ಮುಂಚೆ ಇದನ್ನ ಕೇಳಿಸ್ಕೊಳ್ಳಿ,” ಎಂದು ಗಾಲಿಕುರ್ಚಿಯನ್ನು ವೇದಿಕೆಯ ಕಡೆ ತಿರುಗಿಸಿ ಮೈಕನ್ನು ಡೆಲ್ಮರನ ಎದೆಗೆ ಹಿಡಿದೆ. ನಾಲ್ಕು ಮೂಲೆಯ ಸ್ಪೀಕರುಗಳಲ್ಲೂ ಅವನ ಉಸಿರು. ಒದ್ದೆ ಜಲ್ಲಿಯ ಮೇಲೆ ಸಲಿಕೆ ಎಳೆದ ಹಾಗೆ. ನಂತರ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಹಸಿರು ಹಿಡಿದಿದ್ದವರ ಕೈ ಕೆಳಗಿಳಿಯಿತು. ಕೆಂಪು ಹಾಳೆಗಳು ಸಾಲು ಸಾಲಾಗಿ ಎದ್ದವು. ಅಷ್ಟರಲ್ಲಿ ಫೆರೆಲ್ ಓಡಿಬಂದು ನನ್ನ ಕೈಯಿಂದ ಮೈಕ್ ಕಿತ್ತು ಆರಿಸಿಬಿಟ್ಟ. “ಸಾಕು ಅತ್ತಿಗೆ,” ಅಂದ. “ಹೇಡಿ!” ಎಂದು ಅವನ ಮೇಲೆ ಕೂಗಿದೆ. ಇಡೀ ಜಿಮ್ ನನ್ನ ಜೊತೆ ಕೂಗಿತು.

ಮರುದಿನ ಪೇಪರಿನಲ್ಲಿ ದೊಡ್ಡ ಫೋಟೊ. ಟಿವಿಯವರೂ ಬಂದು ಹೋದರು. ಯೂನಿಯನ್ ಅಧ್ಯಕ್ಷ ಫೋನ್ ಮಾಡಿ, “ಒಲೀಟಾ, ನೂರು ಭಾಷಣದ ಕೆಲಸ ಒಂದು ನಿಮಿಷದಲ್ಲಿ ಮಾಡ್ಬಿಟ್ಟೆ,” ಅಂದ. ನಾಳೆ ನಮ್ಮವರ ಬಸ್ಸು ವಾಷಿಂಗ್ಟನ್ನಿಗೆ ಹೊರಡುತ್ತದೆ. ಮುಂದಿನ ಸೀಟು ನನ್ನದಂತೆ. ನಾನು ಹೋಗುವುದಿಲ್ಲ. ಇನ್ನೂ ಅವರಿಗೆ ಹೇಳಿಲ್ಲ.

ನಿನ್ನ ಮಂಡಿ ಗಟ್ಟಿಯಾಗಲಿ. ಮೊಮ್ಮಗಳ ಹಲ್ಲು ನೆಟ್ಟಗೆ ಬರಲಿ. ನಿನ್ನ ಮನೆಯಲ್ಲಿ ಯಾರೂ ಯಾವ ಕಚೇರಿಗೂ ತಮ್ಮ ನೋವಿಗೆ ಸಾಕ್ಷಿ ಒದಗಿಸುವ ದಿನ ಬಾರದಿರಲಿ.

ನಿನ್ನ,
ಒಲೀಟಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಡೆಲ್ಮರ್ ಈಗ ಮನೆಯಲ್ಲಿಲ್ಲ. ಸಭೆಯಿಂದ ನೇರ ತಮ್ಮನ ಗಾಡಿ ಹತ್ತಿದ, ಹದಿನೈದು ದಿನದಿಂದ ಫೆರೆಲ್‌ನ ಮನೆಯಲ್ಲೇ ಇದ್ದಾನೆ. ಅವತ್ತು ಬೆಳಿಗ್ಗೆ ಹೇಳಿದ್ದ, “ಬರ್ತೀನಿ, ನಿನ್ನ ಪಕ್ಕ ಕೂತಿರ್ತೀನಿ. ನನ್ನ ಕೆಮ್ಮನ್ನ ಮಾತ್ರ ಯಾರಿಗೂ ತೋರಿಸ್ಬೇಡ ಕಣೇ.” ಹೂಂ ಎಂದಿದ್ದೆ. ಮೈಕ್ ಹಿಡಿದಾಗ ಅವನು ನನ್ನ ಮುಖ ನೋಡಲಿಲ್ಲ. ತಮ್ಮನ ಕಡೆ ನೋಡಿ ಕೈಯೆತ್ತಿ ಕರೆದ. ಫೆರೆಲ್ ಮೈಕ್ ಆರಿಸಿದ್ದು ಪಕ್ಷಕ್ಕಾಗಿ ಅಲ್ಲ. ನಾನು ಆ ಕೈಯನ್ನು ನೋಡಿದ್ದೆ ನಾಡೀನ್, ನೋಡಿಯೂ ಹೇಡಿ ಎಂದು ಕೂಗಿದೆ. ನಿನ್ನೆ ಕರೆತರಲು ಹೋದೆ. ಫೆರೆಲ್‌ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಮೆಲ್ಲಗೆ ಹೇಳಿದಳು: “ಭಾವ ಸರಿಯಾಗಿ ಊಟ ಮಾಡ್ತಿದಾರೆ ಅಕ್ಕಾ, ನಿದ್ದೇನೂ ಬರ್ತಿದೆ. ನೀವು ಜೋರಾಗಿ ಮಾತಾಡ್ಬೇಡಿ. ಹೋದ ವಾರ ನೀವು ಬಂದಾಗ ನಿಮ್ಮ ದನಿ ಕೇಳಿ ದಿಂಬು ಕಚ್ಕೊಂಡು ಕೆಮ್ಮು ತಡ್ಕೊಂಡ್ರು.”